ಮುಕ್ಕಾಲು ಗಂಟೆಯ ಬಿಸಿಲು

ಮಾರ್ಚ್ ೧೩, ಶುಕ್ರವಾರ
ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲಿನಿಂದ

ನನ್ನ ನೂಲುಂಡೆಗೆ ಅಮ್ಮನ ಆಶೀರ್ವಾದಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು: ಗೆದ್ದೆವು ಕಣೇ!

ನಿನ್ನೆ ಸಂಜೆ ಐದೂವರೆಗೆ, ಹಳೇ ನೂಲಿನ ಗಿರಣಿಯ ಗೇಟಿನ ಮುಂದೆ, ನಮ್ಮ ಬೀದಿಯ ಮೂವತ್ತೊಂದು ಮನೆಯವರ ಎದುರಿಗೆ ಬಿಲ್ಡರ್ ಒಪ್ಪಂದಕ್ಕೆ ಸಹಿ ಹಾಕಿದ. ಗಿರಣಿಯ ಜಾಗದಲ್ಲಿ ಹನ್ನೊಂದು ಅಂತಸ್ತು ಕಟ್ಟಿಯೇ ತೀರುತ್ತೇನೆ ಎಂದು ಹಾರಾಡುತ್ತಿದ್ದವನು ಆರಕ್ಕೆ ಇಳಿದ. ಮೂರರ ಮೇಲೆ ಒಂದು ಇಟ್ಟಿಗೆ ಇಟ್ಟರೂ ಬಿಡುವುದಿಲ್ಲ ಎಂದು ಕುಣಿಯುತ್ತಿದ್ದ ನಮ್ಮ ಬೀದಿಯವರು ಆರಕ್ಕೆ ಹತ್ತಿದರು. ಇಬ್ಬರ ಕಿವಿಯನ್ನೂ ಹಿಡಿದು ಒಂದೇ ಮೆಟ್ಟಿಲ ಮೇಲೆ ತಂದು ನಿಲ್ಲಿಸಿದವಳು ಯಾರು ಗೊತ್ತೇ? ನಿಮ್ಮಮ್ಮ! ಜಂಬ ಅಂದುಕೋ, ಪರವಾಗಿಲ್ಲ. ನಲವತ್ತು ವರ್ಷ ಊರಿನವರ ಸೊಂಟ, ಎದೆ, ತೋಳು ಅಳೆದುಕೊಂಡು ತಲೆ ತಗ್ಗಿಸಿ ಕೂತವಳು ನಾನು. ಇವತ್ತೊಂದು ದಿನ ತಲೆ ಎತ್ತಿಕೊಂಡು ಓಡಾಡುತ್ತೇನೆ.

ನೀನು ಹುಬ್ಬು ಗಂಟು ಹಾಕಿಕೊಂಡಿರುತ್ತೀ, ಗೊತ್ತು. ಇವಳಿಗೆ ಫೋನ್ ಇಲ್ಲವೇ ಅಂದುಕೊಂಡಿರುತ್ತೀ. ಇದೆ. ಮೂರು ಸಲ ನಿನ್ನ ನಂಬರ್ ಒತ್ತಿ, ಅತ್ತ ಗಂಟೆ ಬಾರಿಸುವ ಮೊದಲೇ ಕೆಳಗಿಟ್ಟೆ. ನಮ್ಮಿಬ್ಬರ ಮಾತು ಫೋನಿನಲ್ಲಿ ಎರಡನೇ ನಿಮಿಷಕ್ಕೆ ಜಗಳಕ್ಕೆ ತಿರುಗುತ್ತದೆ. ನೀನು ಒಂದು ಅಂದರೆ ನಾನು ಎರಡು ಅನ್ನುತ್ತೇನೆ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಪತ್ರ. ಹರಿದು ಹಾಕುವುದಿದ್ದರೂ ಕೊನೆಯ ಸಾಲು ಓದಿ ಹರಿದು ಹಾಕು.

ಕಳೆದ ಜೂನ್ ತಿಂಗಳ ಆ ಮೊದಲ ಸಭೆಯನ್ನು ನೀನು ಮರೆತಿರಲಾರೆ. ನಾನೂ ಮರೆತಿಲ್ಲ. ಶಾಲೆಯ ಹಜಾರ, ಮಕ್ಕಳು ಕೂರುವ ಕುಳ್ಳ ಬೆಂಚುಗಳು, ಅದರ ಮೇಲೆ ಮಂಡಿ ಎದೆಗೆ ತಾಗಿಸಿಕೊಂಡು ಕೂತ ದೊಡ್ಡವರು. ನಾನು ವಿರೋಧ ಸಮಿತಿಯ ಅಧ್ಯಕ್ಷೆ. ನೀನು ಆಸ್ಪತ್ರೆಯ ಡ್ಯೂಟಿ ಮುಗಿಸಿ, ನರ್ಸಿನ ಬಿಳಿ ಬಟ್ಟೆಯಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎಲ್ಲರೂ ಕಟ್ಟಡ ಬೇಡ ಬೇಡ ಅನ್ನುತ್ತಿರುವಾಗ ನೀನೊಬ್ಬಳು ಎದ್ದು ನಿಂತು, "ಇಲ್ಲಿ ಆಸ್ಪತ್ರೆ ಇದೆ, ಬೇಕರಿ ಇದೆ, ಶಾಲೆ ಇದೆ. ಅಲ್ಲಿ ಕೆಲಸ ಮಾಡೋರಿಗೆ ಮಾತ್ರ ಒಂದು ಬಾಡಿಗೆ ಮನೆ ಇಲ್ಲ. ಕಟ್ಟಲಿ ಬಿಡಿ" ಅಂದೆ. ನನ್ನ ಮಗಳೇ ನನ್ನ ಎದುರು ನಿಂತಳಲ್ಲಾ ಎಂದು ನನಗೆ ಮೈಯೆಲ್ಲಾ ಉರಿಯಿತು. ಮರದ ಸ್ಕೇಲಿನಿಂದ ಮೇಜು ಕುಟ್ಟಿ ಅಷ್ಟೂ ಜನರ ಮುಂದೆ ಕೂಗಿದೆ: "ಹೇಳೋದಕ್ಕೆ ನೀನ್ಯಾರೇ? ನೀನು ಈ ಬೀದಿಯವಳಲ್ಲ."

ನೀನು ಚಹಾ ಕುಡಿದ ಲೋಟವನ್ನು ನಲ್ಲಿಯಲ್ಲಿ ತೊಳೆದು, ಬೋರಲು ಹಾಕಿ ಹೊರಟುಹೋದೆ. ಬೈದಿದ್ದರೆ ಚೆನ್ನಾಗಿತ್ತು. ಆ ಲೋಟ ತೊಳೆದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಒಂಬತ್ತು ತಿಂಗಳಾಯಿತು.

ಆಮೇಲೆ ನಡೆದದ್ದು ನಿನಗೆ ಅರೆಬರೆ ಗೊತ್ತಿರಬಹುದು. ಮೂರು ಅಂತಸ್ತಿಗಿಂತ ಎತ್ತರಕ್ಕೆ ಹೋಗಬೇಕಾದರೆ ಬೀದಿಯವರ ಲಿಖಿತ ಒಪ್ಪಿಗೆ ತನ್ನಿ ಎಂದು ನಗರಸಭೆಯವರು ಬಿಲ್ಡರ್‌ಗೆ ಹೇಳಿಬಿಟ್ಟರು. ಅವನು ಬಣ್ಣದ ಚಿತ್ರಗಳನ್ನು ಹಿಡಿದು ಬಂದ. ಚಿತ್ರದಲ್ಲಿ ಹನ್ನೊಂದು ಅಂತಸ್ತು, ಕೆಳಗೆ ಹೂಗಿಡ, ನಗುತ್ತಾ ಸೈಕಲ್ ಹೊಡೆಯುವ ಹುಡುಗಿ. ಕಟ್ಟಡದ ನೆರಳು ಮಾತ್ರ ಕಾಲಡಿಗೆ ಹಾಕಿದ ಚಾಪೆಯಷ್ಟು. ನಮ್ಮ ಗಡಿಯಾರದ ಮಾವ ಕನ್ನಡಕ ಹಣೆಗೇರಿಸಿ ಆ ಚಿತ್ರವನ್ನು ಉಲ್ಟಾ ಹಿಡಿದೂ ನೋಡಿದರು. ಏನೂ ತಿಳಿಯಲಿಲ್ಲ.

ಅಲ್ಲಿ ನನ್ನ ಕಸುಬು ಬಾಯಿ ತೆರೆಯಿತು. ನಲವತ್ತು ವರ್ಷದಲ್ಲಿ ನಾನು ಬರೀ ಚಿತ್ರ ನೋಡಿ ಬಟ್ಟೆಗೆ ಕತ್ತರಿ ಇಟ್ಟವಳಲ್ಲ. ಕಚ್ಚಾ ಹೊಲಿಗೆ ಹಾಕಿ, ಮೈಮೇಲಿಟ್ಟು ನೋಡಿ, ಎಲ್ಲಿ ಹಿಡಿಯುತ್ತದೆ ಎಲ್ಲಿ ಸಡಿಲ ಎಂದು ಗುರುತು ಮಾಡಿದ ಮೇಲೇ ಮಿಷನ್ ತುಳಿಯುವುದು. "ಒಂದು ರವಿಕೆಗೇ ಟ್ರಯಲ್ ನೋಡ್ತೀವಿ. ಇಷ್ಟು ದೊಡ್ಡ ಕಟ್ಟಡಕ್ಕೆ ಬೇಡ್ವಾ?" ಎಂದು ಕೇಳಿದೆ. ಬಿಲ್ಡರ್ ನಕ್ಕ. ಅವನ ಜೊತೆ ಬಂದಿದ್ದ ಎಂಜಿನಿಯರ್ ನಗಲಿಲ್ಲ. ನಿನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಮಳೆಯಿರಲಿ ಬಿಸಿಲಿರಲಿ ತಲೆಯಿಂದ ಹಳದಿ ಹೆಲ್ಮೆಟ್ ತೆಗೆಯುವುದಿಲ್ಲವಾದ್ದರಿಂದ ಬೀದಿಯವರೆಲ್ಲ ಅವಳನ್ನು ಹೆಲ್ಮೆಟ್ ಹುಡುಗಿ ಅನ್ನುತ್ತಾರೆ. ಹೇಗೆ ಟ್ರಯಲ್ ನೋಡುವುದು ಅಮ್ಮಾ ಎಂದು ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

ಹೀಗೆ ಅಂದೆ. ಗಿರಣಿಯ ಹಳೇ ಹೊಗೆಕೊಳವೆ ಹೇಗೂ ನಿಂತಿದೆ. ಅದರ ನೆತ್ತಿಗೆ ಒಂದು ಉದ್ದನೆಯ ಬೊಂಬು ಅಡ್ಡ ಕಟ್ಟುವುದು, ಬೊಂಬಿನ ತುದಿಗೆ ರಾಟೆ. ಒಂದೊಂದು ಅಂತಸ್ತಿಗೆ ಹತ್ತಡಿ ಉದ್ದದ ಒಂದೊಂದು ಬಟ್ಟೆ, ಒಂದು ಬಿಳಿ, ಒಂದು ಕೆಂಪು. ಹನ್ನೊಂದನ್ನೂ ಸೇರಿಸಿ ಹೊಲಿದು ಮೇಲಕ್ಕೆಳೆದರೆ ಕಟ್ಟಡ ಎಷ್ಟೆತ್ತರ ಎಂದು ಕೂಸಿಗೂ ಕಾಣುತ್ತದೆ. ಅದರ ನೆತ್ತಿಯ ನೆರಳು ಬೆಳಿಗ್ಗೆ ಎಷ್ಟು ಹೊತ್ತಿನವರೆಗೆ ನಮ್ಮ ಸಾಲಿನ ಮನೆಗಳ ಮೇಲಿರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದರಾಯಿತು.

ಬಟ್ಟೆ ನಾನು ಕೊಟ್ಟೆ, ವರ್ಷಗಳಿಂದ ಉಳಿದಿದ್ದ ಲೈನಿಂಗ್ ಬಟ್ಟೆ. ಮೇಲೆ ಹತ್ತಿದವನು ನಮ್ಮ ಹಲ್ಲಿ. ಎತ್ತರದ ಗೋಡೆಗಳಿಗೆ ಅಂಟಿಕೊಂಡೇ ಬಣ್ಣ ಹೊಡೆಯುವ ಆ ಪೇಂಟರ್‌ಗೆ ಬೇರೆ ಹೆಸರಿದೆ ಎಂಬುದೇ ಎಲ್ಲರಿಗೂ ಮರೆತುಹೋಗಿದೆ. ಹೊತ್ತು ನೋಡುವ ಜವಾಬ್ದಾರಿ ಗಡಿಯಾರದ ಮಾವನದು. ರಿಪೇರಿಗೆ ಬಂದ ಐದು ಗಡಿಯಾರ ತಂದು ಸಾಲಾಗಿ ಇಟ್ಟರು, ಒಂದರ ಹಾಗೆ ಇನ್ನೊಂದಿಲ್ಲ! ಕಡೆಗೆ ಶಾಲೆಯ ಗಂಟೆಯನ್ನೇ ನಂಬಿದೆವು. ಆ ಬೆಳಿಗ್ಗೆ ಬೀದಿಯೆಲ್ಲಾ ಹೊರಗೆ ನಿಂತಿತ್ತು. ಬಟ್ಟೆ ಏರಿತು, ಏರಿತು, ಏರುತ್ತಲೇ ಹೋಯಿತು. ಜನರ ಕತ್ತು ಹಿಂದಕ್ಕೆ ಬಾಗಿದವು, ಬಾಯಿ ತೆರೆದುಕೊಂಡವು. ನೆರಳು ನಮ್ಮ ಸಾಲಿನ ಏಳು ಮನೆಗಳ ಮೇಲಿಂದ ಇಳಿದು ಹೋಗುವ ಹೊತ್ತಿಗೆ ಹತ್ತೂವರೆ. ಅಲ್ಲಿಯವರೆಗೂ ನನ್ನ ಕಿಟಕಿ ಕತ್ತಲು. ಬೀದಿಯವರು ಹೋ ಎಂದು ಕೂಗಿದರು. ಬಿಲ್ಡರ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಈಗ ಬರೆಯುವುದನ್ನು ಬರೆಯಲು ಕೈ ಹಿಂದೆಗೆಯುತ್ತಿದೆ. ಆದರೂ ಬರೆಯುತ್ತೇನೆ.

ಮರುದಿನ ಆ ಬಟ್ಟೆಯನ್ನು ಮಡಿಸುತ್ತಾ ಇದ್ದಾಗ ಯಾಕೋ ಮಡಿಕೆ ಲೆಕ್ಕಕ್ಕಿಂತ ಹೆಚ್ಚು ಬಂತು. ಟೇಪು ಹಿಡಿದೆ. ಹನ್ನೊಂದು ಅಂತಸ್ತಿಗೆ ನೂರಹತ್ತು ಅಡಿ ಇರಬೇಕಾದದ್ದು ನೂರ ಹದಿನೆಂಟು ಅಡಿ ಇದೆ! ಏನು ಮಾಡಿದ್ದೆ ಗೊತ್ತೇ? ಪ್ರತಿ ತುಂಡನ್ನು ಕತ್ತರಿಸುವಾಗಲೂ ಅಂಚು ಒಳಗೆ ಮಡಿಸಲಿಕ್ಕೆಂದು ಒಂದೊಂದು ಗೇಣು ಹೆಚ್ಚು ಬಿಟ್ಟಿದ್ದೆ. ಬಿಡಬೇಕೆಂದು ಬಿಟ್ಟದ್ದಲ್ಲ, ನಲವತ್ತು ವರ್ಷದ ಕೈ ತಾನೇ ಬಿಟ್ಟಿತು. ಹೊಲಿಯುವಾಗ ಅವಸರದಲ್ಲಿ ಮಡಿಸುವುದನ್ನು ಬಿಟ್ಟು ಅಂಚಿಗೆ ಅಂಚು ಕೂಡಿಸಿ ಓಡಿಸಿಬಿಟ್ಟೆ. ಹನ್ನೊಂದು ಅಂತಸ್ತಿಗೆ ಹನ್ನೊಂದು ಗೇಣು. ಬಿಲ್ಡರ್ ಕಟ್ಟದೇ ಇದ್ದ ಮುಕ್ಕಾಲು ಅಂತಸ್ತನ್ನು ನಾನೇ ಕಟ್ಟಿ ನಿಲ್ಲಿಸಿದ್ದೆ.

ಗಡಿಯಾರದ ಮಾವನಿಗೆ ಹೇಳಿದೆ. ಅವರು ಅತ್ತಿತ್ತ ನೋಡಿ, "ಬಾಯಿಗೆ ಬೀಗ ಹಾಕ್ಕೋ ತಂಗೀ. ಯಾರು ಬಂದು ಅಳೀತಾರೆ? ನಮಗೆ ಒಳ್ಳೇದೇ ಆಯ್ತಲ್ಲ" ಅಂದರು. ಅಂಥಾ ದೊಡ್ಡ ವ್ಯತ್ಯಾಸವೇನೂ ಅಲ್ಲ, ಬಿಸಿಲಿನ ಲೆಕ್ಕದಲ್ಲಿ ಕಾಲು ಗಂಟೆ. ಎರಡು ದಿನ ಬೀಗ ಹಾಕಿಕೊಂಡಿದ್ದೆ. ಗಿರಾಕಿಯೊಬ್ಬರು ತೋಳು ಬಿಗಿಯಾಯಿತು ಎಂದದ್ದಕ್ಕೆ ನಿಮ್ಮ ತೋಳೇ ದಪ್ಪ ಎಂದು ಸಿಡುಕಿದೆ. ನಿನ್ನನ್ನು ಈ ಬೀದಿಯವಳಲ್ಲ ಎಂದು ಹೊರಗೆ ಕಳಿಸಿದ್ದೆ. ಈಗ ಆ ಹಠ ಗೆಲ್ಲಬೇಕಾದರೆ ತಪ್ಪು ಅಳತೆಯ ಮೇಲೆ ನಿಲ್ಲಬೇಕು. ಆ ಯೋಚನೆ ನನಗೆ ಸಹಿಸಲಾಗಲಿಲ್ಲ ಕಣೇ. ನನ್ನ ಅಳತೆ ತಪ್ಪು ಎಂದು ಇದುವರೆಗೆ ಯಾರೂ ಅಂದಿಲ್ಲ. ಅನ್ನುವುದಾದರೆ ನಾನೇ ಅನ್ನಬೇಕು.

ಮೂರನೇ ದಿನ ಬಟ್ಟೆಯ ಗಂಟು ಹೊತ್ತುಕೊಂಡು ಗಿರಣಿಯ ತಗಡಿನ ಶೆಡ್ಡಿಗೆ ಹೋದೆ. ಹೆಲ್ಮೆಟ್ ಹುಡುಗಿ ಒಬ್ಬಳೇ ಇದ್ದಳು. ಎಲ್ಲಾ ಹೇಳಿದೆ. ಅವಳು ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಎದ್ದು ಹೋಗಿ ಅದೇ ಬಣ್ಣದ ಚಿತ್ರ ತಂದು ಮೇಜಿನ ಮೇಲೆ ಹಾಸಿ, ಆ ಚಾಪೆಯಂಥ ನೆರಳಿನ ಮೇಲೆ ಬೆರಳಿಟ್ಟಳು. ಅದು ಬೇಸಿಗೆಯ ನಡುಮಧ್ಯಾಹ್ನದ ನೆರಳಂತೆ. ಸೂರ್ಯ ನೆತ್ತಿಯ ಮೇಲಿದ್ದಾಗ ಯಾವ ಕಟ್ಟಡಕ್ಕೆ ತಾನೇ ನೆರಳಿರುತ್ತದೆ? "ನಿಮ್ಮದು ಕೈತಪ್ಪು ಅಮ್ಮಾ. ನಮ್ಮದು ಬೇಕಂತಲೇ ಮಾಡಿದ್ದು" ಅಂದಳು. ಹೇಳುವಾಗ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಪಾಪ, ಕೂದಲೆಲ್ಲಾ ಅಂಟಿಕೊಂಡಿತ್ತು. ಇನ್ನೊಂದು ಸಲ ಸರಿಯಾಗಿ ಅಳೆಯೋಣ, ನಾನೇ ಸಾಹೇಬರನ್ನು ಕರೆದುಕೊಂಡು ಬಂದು ನಿಲ್ಲಿಸುತ್ತೇನೆ ಅಂದಳು. ಅವಳ ಕೆಲಸಕ್ಕೆ ಕುತ್ತು ಬರಬಹುದಿತ್ತು. ಆದರೂ ಅಂದ ಮಾತಿನಂತೆ ನಡೆದುಕೊಂಡಳು.

ಅದೇ ಸಂಜೆ ನಾನು ಬೀದಿಯವರನ್ನೂ ಸೇರಿಸಿ ತಪ್ಪು ಒಪ್ಪಿಕೊಂಡೆ. ಕೆಲವರು ಮುಖ ಸಿಂಡರಿಸಿದರು. ಗಡಿಯಾರದ ಮಾವ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ, ನನ್ನ ನಿದ್ದೆ ನನಗೆ ವಾಪಸು ಬಂತು.

ಎರಡನೇ ಟ್ರಯಲ್‌ಗೆ ಬಿಲ್ಡರ್ ಖುದ್ದಾಗಿ ಬಂದ. ಬಟ್ಟೆ ಸರಿಯಾಗಿ ನೂರಹತ್ತು ಅಡಿ, ಹೆಲ್ಮೆಟ್ ಹುಡುಗಿಯೇ ಉಕ್ಕಿನ ಟೇಪು ಹಿಡಿದು ಅಳೆದಿದ್ದಳು. ಒಂಬತ್ತು ಗಂಟೆಗೆ ಹನ್ನೊಂದು ಅಂತಸ್ತಿನ ನೆರಳು ನಮ್ಮ ಬಾಗಿಲು ದಾಟಿ ಹಿತ್ತಲ ಗೋಡೆ ಮುಟ್ಟಿತ್ತು. ಅವನನ್ನು ಅಂಗಡಿಯೊಳಗೆ ಕರೆದೆ. ಕಟ್ಟಡ ನಿಂತರೆ ಎಷ್ಟು ಬೆಳಕು ಉಳಿಯುತ್ತದೋ ಅಷ್ಟೇ ಉಳಿಯುವಂತೆ ಕಿಟಕಿಗೆ ಪರದೆ ಎಳೆದೆ. ಎರಡು ನೂಲಿನ ಉಂಡೆ ಕೈಗೆ ಕೊಟ್ಟು, "ಇದರಲ್ಲಿ ಕಪ್ಪು ಯಾವುದು, ಕಡುನೀಲಿ ಯಾವುದು, ನೀವೇ ಹೇಳಿ" ಅಂದೆ. ಅವನು ಮೂಗಿನ ಹತ್ತಿರ ಹಿಡಿದ, ದೂರ ಹಿಡಿದ, ಬಾಗಿಲಿಗೆ ಹೋಗಲು ನೋಡಿದ. ಅಲ್ಲಿಗೆ ಹೋಗುವಂತಿಲ್ಲ ಎಂದೆ. ಹೇಳಿದ, ತಪ್ಪು ಹೇಳಿದ. ಬಾಗಿಲಲ್ಲಿ ಇಣುಕುತ್ತಿದ್ದ ಹಲ್ಲಿ ಕಿಸಕ್ಕೆಂದು ನಕ್ಕುಬಿಟ್ಟ. "ಮದುಮಗನ ಕರೀ ಕೋಟಿಗೆ ನೀಲಿ ದಾರ ಹಾಕಿ ಕೊಟ್ಟರೆ ನನ್ನನ್ನ ಯಾರು ಸುಮ್ಮನೆ ಬಿಡ್ತಾರೆ ಸ್ವಾಮೀ?" ಎಂದು ಕೇಳಿದೆ. ಅವನು ಉಂಡೆಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅಲ್ಲಿಂದ ಇಳಿಯತೊಡಗಿದ. ಒಂಬತ್ತು ಅಂದ, ಎಂಟು ಅಂದ, ಕಟ್ಟಡದ ಮುಂಭಾಗವನ್ನು ಮೂರೇ ಅಂತಸ್ತಿಗೆ ನಿಲ್ಲಿಸಿ ಎತ್ತರವನ್ನೆಲ್ಲಾ ಹಿಂದಕ್ಕೆ ತಳ್ಳುತ್ತೇನೆ ಅಂದ. ಪ್ರತಿ ಸಲವೂ ಹಲ್ಲಿ ಮೇಲೇರಿ ಬಟ್ಟೆ ಇಳಿಸುತ್ತಿದ್ದ, ನಾವು ಗುರುತು ಹಾಕುತ್ತಿದ್ದೆವು. ಆರಕ್ಕೆ ಬಂದು ಅವನು ಕಾಲೂರಿ ನಿಂತ. ಆರನೆಯ ಅಂತಸ್ತಿನ ಹತ್ತು ಮನೆಗಳನ್ನು ಕೈಗೆಟಕುವ ಬಾಡಿಗೆಗೆ ಕೊಡುತ್ತೇನೆ, ಅದನ್ನೂ ಕಿತ್ತುಕೊಂಡರೆ ಎಲ್ಲವನ್ನೂ ಮಾರಾಟಕ್ಕೇ ಇಡುತ್ತೇನೆ, ಬಾಡಿಗೆಯ ಮಾತೇ ಇಲ್ಲ ಅಂದ. ನಮ್ಮ ಬೀದಿಯವರು ಐದಕ್ಕೆ ಬಂದು ಕಾಲೂರಿ ನಿಂತರು. ಐದು ಅಂತಸ್ತಾದರೆ ನಮ್ಮ ಸಾಲಿಗೆ ಎಂಟೂಕಾಲಿಗೆ ಬಿಸಿಲು ಬರುತ್ತದೆ. ಆರಾದರೆ ಒಂಬತ್ತಕ್ಕೆ. ಇಡೀ ಜಗಳ ಬಂದು ನಿಂತದ್ದು ಮುಕ್ಕಾಲು ಗಂಟೆಯ ಬಿಸಿಲಿನ ಮೇಲೆ.

ಕೊನೆಯ ಸಭೆ ಹೋದ ಭಾನುವಾರ ಅದೇ ಹಜಾರದಲ್ಲಿ ನಡೆಯಿತು. ಎಲ್ಲರ ಕಣ್ಣೂ ನನ್ನ ಮೇಲೆ. ಮುಕ್ಕಾಲು ಗಂಟೆಯಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ನಾನೇ. ಬೆಳಗಿನ ಬೆಳಕೇ ನನ್ನ ಅನ್ನ ಎಂದು ಒಂಬತ್ತು ತಿಂಗಳು ಊರಿಗೆಲ್ಲಾ ಸಾರಿದವಳು. ಐದು ಎಂದು ನಾನು ಒಂದು ಮಾತು ಅಂದಿದ್ದರೆ ಮುಗಿದೇ ಹೋಗುತ್ತಿತ್ತು.

ಎದ್ದು ನಿಂತೆ. ಏನು ಹೇಳಬೇಕೆಂದು ಚೀಟಿ ಬರೆದುಕೊಂಡಿದ್ದೆ, ಓದಲಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟು: "ನನ್ನ ಮಗಳು ಇಲ್ಲಿಂದ ಹತ್ತು ನಿಮಿಷ ನಡೆದರೆ ಸಿಗೋ ಆಸ್ಪತ್ರೇಲಿ ಕೆಲಸ ಮಾಡ್ತಾಳೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಅವಳೇ ಸೂಜಿ ಚುಚ್ಚಿದಾಳೆ, ಗಾಯ ಕಟ್ಟಿದಾಳೆ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ, ದಿನಕ್ಕೆ ನಾಲ್ಕು ಗಂಟೆ ಬಸ್ಸಲ್ಲಿ ಕೂರ್ತಾಳೆ. ಅವಳ ನಾಲ್ಕು ಗಂಟೆ ಎದುರಿಗೆ ನನ್ನ ಮುಕ್ಕಾಲು ಗಂಟೆ ಬಿಸಿಲು ಯಾವ ದೊಡ್ಡದು? ನಾನು ಆರಕ್ಕೆ ಒಪ್ಪಿದೀನಿ."

ಗಡಿಯಾರದ ಮಾವ ಎದ್ದರು. ಅವರು ಕೇಳಿದ್ದರಲ್ಲೂ ತಪ್ಪಿಲ್ಲ. ಅವರ ಕೆಲಸವೂ ಬೆಳಕಿನದೇ, ಅವರದೂ ನಮ್ಮ ಸಾಲಿನ ಮನೆಯೇ. "ಆ ಹತ್ತು ಮನೆ ಬೀದಿಯವರಿಗೇ ಸಿಗುತ್ತೆ ಅಂತ ಏನು ಗ್ಯಾರಂಟಿ? ಬೀದಿಯವರು ಅಂದ್ರೆ ಯಾರು ತಂಗೀ? ನೀನೇ ಅಲ್ವಾ ಅವತ್ತು ಮಗಳಿಗೆ ಅಂದಿದ್ದು?" ಅಂದರು.

ಕಪಾಳಕ್ಕೆ ಬಿದ್ದ ಹಾಗಾಯಿತು. ಬೀಳಬೇಕಾದದ್ದೇ. ನಾನು ಹೇಳಿದೆ: "ಹೌದು, ನಾನೇ ಅಂದಿದ್ದು. ತಪ್ಪು ಅಂದೆ. ಬಟ್ಟೆ ಅಳೆಯೋದ್ರಲ್ಲಿ ಒಂದು ಗೇಣು ತಪ್ಪಿದೆ. ನನ್ನ ಮಗಳ ವಿಷಯದಲ್ಲಿ ಪೂರಾ ತಪ್ಪಿದೆ. ಇಲ್ಲಿ ಮಲಗೋರು ಮಾತ್ರ ಬೀದಿಯವರಲ್ಲ. ಇಲ್ಲಿ ದುಡಿಯೋರೂ ಬೀದಿಯವರೇ. ಹಾಗಂತ ಬರೀರಿ, ಮೊದಲ ಸಹಿ ನಂದು." ಅಷ್ಟು ಹೇಳಿ ಆ ಕುಳ್ಳ ಬೆಂಚಿನ ಮೇಲೆ ಕೂತುಬಿಟ್ಟೆ.

ಮೊದಲು ಕೈ ಎತ್ತಿದವನು ಹಲ್ಲಿ. ಆಮೇಲೆ ಬೇಕರಿಯವರು, ಶಾಲೆಯ ಮೇಷ್ಟ್ರು, ಇಸ್ತ್ರಿ ಅಂಗಡಿಯ ಅತ್ತಿಗೆ. ಎಣಿಸಿದಾಗ ಮೂವತ್ತೊಂದರಲ್ಲಿ ಇಪ್ಪತ್ತೆರಡು! ನಮ್ಮ ಸಾಲಿನ ಏಳರಲ್ಲೇ ಐದು ಕೈ ಎದ್ದವು. ನನಗೆ ಅಳು ಬಂತು, ಜೋರಾಗಿಯೇ ಅತ್ತೆ. ಅಧ್ಯಕ್ಷೆ ಅಳಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ.

ಒಪ್ಪಂದದಲ್ಲಿ ಹೀಗೆ ಬರೆದಿದೆ: ಬೀದಿಯ ಕಡೆಗೆ ಮೂರು ಅಂತಸ್ತು, ಹಿಂದೆ ಆರು, ಅದರ ಮೇಲೆ ನೀರಿನ ಟ್ಯಾಂಕು ಬಿಟ್ಟು ಇನ್ನೇನೂ ಇಲ್ಲ. ಆರನೆಯ ಅಂತಸ್ತಿನ ಹತ್ತು ಮನೆಗಳು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಲಸ ಮಾಡುವವರಿಗೇ ಬಾಡಿಗೆಗೆ. ಪ್ರತಿ ಅಂತಸ್ತು ಏರಿದಾಗಲೂ ಅಳತೆ ನೋಡಲು ಬೀದಿಯ ಪರವಾಗಿ ಒಬ್ಬರು ಇರಬೇಕು. ಯಾರನ್ನು ಹಾಕಿದರು ಊಹಿಸು. ಹೆಲ್ಮೆಟ್ ಹುಡುಗಿ ನನಗೂ ಒಂದು ಹಳದಿ ಹೆಲ್ಮೆಟ್ ತಂದುಕೊಟ್ಟಿದ್ದಾಳೆ. ಕನ್ನಡಿಯಲ್ಲಿ ನೋಡಿಕೊಂಡೆ, ಕುಂಬಳಕಾಯಿಯ ಹಾಗೆ ಕಾಣುತ್ತೇನೆ.

ಗಡಿಯಾರದ ಮಾವ ಕೈ ಎತ್ತಲಿಲ್ಲ. ಆದರೆ ನಿನ್ನೆ ಸಹಿಯ ಹೊತ್ತಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಸಾಕ್ಷಿಗೆ ಸಹಿ ಹಾಕಿದರು. ಒಪ್ಪಿದ್ದಕ್ಕಲ್ಲ, ನಿಮ್ಮ ಮೇಲೆ ಕಣ್ಣಿಡೋದಕ್ಕೆ ಅಂದರು. ತಮ್ಮ ಮೇಜನ್ನು ಒಂಬತ್ತರವರೆಗೆ ಎಲ್ಲಿಗೆ ಸರಿಸಿಕೊಂಡರೆ ಬೆಳಕು ಸಿಗುತ್ತದೆ ನೋಡಿ ಹೇಳು ಎಂದೂ ಕೇಳಿದರು. ಈಗಿನಿಂದಲೇ ಅಭ್ಯಾಸವಾಗಲಿ ಎಂದು ಇವತ್ತು ಬೆಳಿಗ್ಗೆ ಹೋಗಿ ಅವರ ಮೇಜನ್ನು ಹಿತ್ತಲ ಬಾಗಿಲಿಗೆ ಸರಿಸಿಕೊಟ್ಟು ಬಂದೆ. ನಾನೂ ಒಂಬತ್ತರವರೆಗೆ ಹಳೇ ಹೊಲಿಗೆ ಬಿಚ್ಚುವ, ಅಳತೆ ಬರೆದುಕೊಳ್ಳುವ ಕೆಲಸ ಇಟ್ಟುಕೊಳ್ಳುತ್ತೇನೆ. ಆಗುವುದಿಲ್ಲ ಅನ್ನುವುದೆಲ್ಲಾ ಆಗುತ್ತದೆ ಕಣೇ, ಮೊದಲ ನಾಲ್ಕು ದಿನ ಗೊಣಗಬೇಕು ಅಷ್ಟೇ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನೀನು ಮನೆಗೆ ಹೋಗುವ ಬಸ್ಸು ಮೂರೂ ಇಪ್ಪತ್ತಕ್ಕೆ ನಮ್ಮ ಬೀದಿಯ ಸ್ಟಾಪಿನಲ್ಲಿ ನಿಲ್ಲುತ್ತದೆ. ನೀನು ಎಡಗಡೆ ಕಿಟಕಿಯಲ್ಲಿ ಕೂತಿರುತ್ತೀ, ಸ್ಟಾಪು ಬಂದ ಕೂಡಲೇ ಮುಖ ಆ ಕಡೆಗೆ ತಿರುಗಿಸುತ್ತೀ. ನನಗೆ ಹೇಗೆ ಗೊತ್ತು ಎಂದರೆ ಒಂಬತ್ತು ತಿಂಗಳಿಂದ ದಿನಾ ಮೂರೂಕಾಲಿಗೆ ಬಾಗಿಲ ಪರದೆಯ ಹಿಂದೆ ಬಂದು ನಿಲ್ಲುತ್ತೇನೆ. ಮಿಷನ್ ಮೇಲೆ ಎಂಥಾ ಅರ್ಜೆಂಟ್ ಬಟ್ಟೆ ಇದ್ದರೂ ಸರಿ. ಜನವರಿಯಲ್ಲಿ ನೀನು ನಾಲ್ಕು ದಿನ ಕಾಣಲಿಲ್ಲ. ಜ್ವರವೋ, ರಜೆಯೋ, ಮಗುವಿಗೆ ಏನಾದರೂ ಆಯಿತೋ ಎಂದು ಒದ್ದಾಡಿಬಿಟ್ಟೆ. ಐದನೇ ದಿನ ಕಿಟಕಿಯಲ್ಲಿ ತಲೆ ಕಂಡಾಗ ಸಮಾಧಾನ. ಹೋಗಿ ಬಸ್ಸಿನ ಮುಂದೆ ನಿಂತು ಕೂಗಬೇಕೆನ್ನಿಸಿತು. ನನ್ನ ಹಠ ಬಿಡಲಿಲ್ಲ, ನಿನ್ನದೂ ಹಾಗೇ. ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೀ, ಹೇಳು.

ಕ್ಷಮಿಸು ಕಣೇ. ಸುತ್ತಿ ಬಳಸಿ ಮೂರು ಹಾಳೆ ಬರೆದದ್ದು ಈ ಒಂದು ಮಾತಿಗೆ. ಅಷ್ಟು ಜನರ ಮುಂದೆ ಅಂದಿದ್ದೆ, ಅಷ್ಟೇ ಜನರ ಮುಂದೆ ವಾಪಸು ತೆಗೆದುಕೊಂಡಿದ್ದೇನೆ. ಆದರೂ ನಿನ್ನ ಮುಂದೆ ಹೇಳದ ಹೊರತು ಅದು ಮುಗಿಯುವುದಿಲ್ಲ. ಅವತ್ತು ನೀನು ಹೇಳಿದ್ದು ಸರಿ. ನಿನ್ನ ಮಾತು ಸರಿ ಎಂದು ಒಪ್ಪಿಕೊಳ್ಳಲು ನನಗೆ ಒಂಬತ್ತು ತಿಂಗಳು, ನೂರ ಹದಿನೆಂಟು ಅಡಿ ಬಟ್ಟೆ ಬೇಕಾಯಿತು.

ಮೊಮ್ಮಗಳಿಗೆ ಮುಂದಿನ ಹಲ್ಲು ಬಿತ್ತೇ? ಅವಳಿಗೊಂದು ಹಳದಿ ಫ್ರಾಕ್ ಹೊಲಿಯುತ್ತಿದ್ದೇನೆ. ಅಳತೆಯಿಲ್ಲದೆ ನಾನು ಹೊಲಿದ ಮೊದಲ ಬಟ್ಟೆ ಅದು. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಜಗಳದ ದಿನ ಅವರು ಅತ್ತೆಯ ಪರವಾಗಿ ಒಂದು ಮಾತು ಆಡಿ ನಿನ್ನ ಕೈಲಿ ಬೈಸಿಕೊಂಡರಂತೆ. ಪಾಪದ ಮನುಷ್ಯ.

ನಿನ್ನನ್ನು ಇಲ್ಲಿಗೆ ಬಾ ಎಂದು ಒತ್ತಾಯಿಸಲು ಇದನ್ನು ಬರೆಯುತ್ತಿಲ್ಲ. ಮನೆ ಎಲ್ಲಿ ಮಾಡಬೇಕೆಂಬುದು ನಿನಗೆ ಬಿಟ್ಟದ್ದು. ನಾನು ಇನ್ನು ಮುಂದೆ ನಿನ್ನ ವಿಷಯದಲ್ಲಿ ತಲೆ ಹಾಕುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಗೆದ್ದ ಸುದ್ದಿ ನಿನಗೆ ನನ್ನಿಂದಲೇ ತಿಳಿಯಲಿ ಎಂದು ಬರೆದೆ, ಅಷ್ಟೇ.

ಇಂತು, ನಿನಗಿಂತ ಒಂದು ಗೇಣು ಹೆಚ್ಚು ಹಠಮಾರಿಯಾದ,
ನಿನ್ನ ಅಮ್ಮ

ಮರೆತಿದ್ದೆ: ಆರನೆಯ ಅಂತಸ್ತಿನ ಬಾಡಿಗೆ ಮನೆಗೆ ಅರ್ಜಿಯ ಫಾರಂ ಇದರ ಜೊತೆ ಮಡಿಸಿಟ್ಟಿದ್ದೇನೆ. ಕಟ್ಟುವ ಮೊದಲೇ ಹೆಸರು ಬರೆಸಬೇಕಂತೆ, ಕೊಡಲು ಸೋಮವಾರವೇ ಕಡೆಯ ದಿನ. ನಾನು ಅದರಲ್ಲಿ ಏನೂ ತುಂಬಿಲ್ಲ. ಹೆಸರು ಮಾತ್ರ ತುಂಬಿದ್ದೇನೆ. ಕೆಲಸದ ಜಾಗವನ್ನೂ ತುಂಬಿದ್ದೇನೆ. ಮೂಲೆಯ ಮನೆ ಬೇಕೆಂದೂ ಬರೆದಿದ್ದೇನೆ, ಗಾಳಿ ಚೆನ್ನಾಗಿರುತ್ತದೆ. ಎಲ್ಲಾ ಪೆನ್ಸಿಲಿನಲ್ಲಿ. ಬೇಡವಾದರೆ ಅಳಿಸಿಬಿಡು, ನಾನು ಒಂದು ಮಾತೂ ಆಡುವುದಿಲ್ಲ. ಸಹಿ ನಿನ್ನದೇ ಆಗಬೇಕಂತೆ, ತಾಯಿಯದು ನಡೆಯುವುದಿಲ್ಲವಂತೆ, ಕೇಳಿ ನೋಡಿದೆ.

ಸೋಮವಾರಕ್ಕೆ ಎರಡೇ ದಿನ ಇರುವುದರಿಂದ ಅಂಚೆಯನ್ನು ನಂಬಲಿಲ್ಲ. ಇದು ನಿನಗೆ ಶನಿವಾರ ಮಧ್ಯಾಹ್ನ, ಬಸ್ಸಿನಲ್ಲಿ, ಕಂಡಕ್ಟರ್ ಕೈಯಿಂದ ಬಂದಿರುತ್ತದೆ. ಯಾರು ಕೊಟ್ಟರು ಎಂದು ಅವನನ್ನು ಕೇಳಬೇಡ. ಎರಡು ಸೀಟು ಹಿಂದೆ ನಾನೇ ಕೂತಿದ್ದೇನೆ. ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆದುಕೊಂಡಿದ್ದೇನೆ. ಪೆನ್ನು ನನ್ನ ಹತ್ತಿರ ಇದೆ.